ಬೆಣಚುಕಲ್ಲಿನ ಧೂಳು: ಕೋಲಾರದ ಗಣಿಯಿಂದ ಮೈಕ್ರೋ ಆರ್‌ಎನ್‌ಎವರೆಗೆ



ಕೆ.ಜಿ.ಎಫ್. ಎಂದೊಡನೆ ನಮ್ಮ ಕೂಟದ ಮಕ್ಕಳಿಗೆ ನೆನಪಾಗುವುದು ಸಿನೆಮಾ. 2018ರಲ್ಲಿ ಮೊದಲ ಭಾಗ ಬಂತು, 2022ರಲ್ಲಿ ಎರಡನೆಯದು. ಕನ್ನಡ ಚಿತ್ರಕ್ಕೆ ಬೇರೆ ಭಾಷೆಯವರೂ ಟಿಕೆಟ್ ತೆಗೆದುಕೊಂಡು ಹೋದರಲ್ಲ ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಚಿತ್ರದಲ್ಲಿ ಧೂಳು ಬಹಳ. ನಾಯಕನ ಗಡ್ಡದ ಮೇಲೆ ಧೂಳು, ಕೂಲಿಯವರ ಮುಖದ ಮೇಲೆ ಧೂಳು, ತೆರೆಯ ತುಂಬ ಧೂಳು. ಆ ಧೂಳು ಪುಪ್ಪುಸದ ಒಳಗೆ ಹೋಗಿ ಏನು ಮಾಡುತ್ತದೆ ಎಂಬುದು ಸಿನೆಮಾದವರಿಗೆ ಸಂಬಂಧಿಸಿದ ವಿಷಯವಲ್ಲ. ಅದು ನನ್ನಂಥ ವೈದ್ಯರ ಪಾಲಿನದು.

ನಮ್ಮ ಪತ್ರಿಕೆಯ ಸಂಪಾದಕರು ಕೇಳಿದ್ದು ಬೇರೆ ಲೇಖನ. 2024ರಲ್ಲಿ ವೈದ್ಯಕೀಯ ನೊಬೆಲ್ ಬಹುಮಾನ ಪಡೆದ ಮೈಕ್ರೋ ಆರ್‌ಎನ್‌ಎ ಎಂದರೇನು, ಅದರಿಂದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಿಗೆ ಏನು ಉಪಯೋಗ, ಮನೆಮಂದಿಗೆಲ್ಲ ತಿಳಿಯುವ ಹಾಗೆ ಬರೆದುಕೊಡಿ ಎಂದರು. ಒಪ್ಪಿಕೊಂಡು ಬರೆಯಲು ಕುಳಿತಾಗ ಈ ವಿಷಯಕ್ಕೆ ನೇರ ದಾರಿ ಕೋಲಾರದ ಮೂಲಕವೇ ಹೋಗುತ್ತದೆ ಅನ್ನಿಸಿತು. ಎಂ.ಬಿ.ಬಿ.ಎಸ್. ಓದುವಾಗ ನಾವೆಲ್ಲ ಪಾರ್ಕ್ ಅವರ ಸಾಮಾಜಿಕ ವೈದ್ಯಶಾಸ್ತ್ರದ ದಪ್ಪ ಪುಸ್ತಕವನ್ನು ಉರುಹೊಡೆದವರು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಿಂದ, 1947ರಲ್ಲಿ, ಎಂಬ ಮಾಹಿತಿ ಅದರಲ್ಲಿದೆ. ಪರೀಕ್ಷೆಗೆ ಒಂದು ಮಾರ್ಕಿನ ಪ್ರಶ್ನೆ. ಆ ಒಂದು ಮಾರ್ಕಿನ ಹಿಂದೆ ಏನಿತ್ತೆಂದು ನಾವು ಯಾರೂ ಕೇಳಲಿಲ್ಲ, ಕಲಿಸಿದವರೂ ಹೇಳಲಿಲ್ಲ.

ಗಣಿಯ ಕಥೆ ಬಹಳ ಮಂದಿಗೆ ಗೊತ್ತಿರುವುದೇ. ಮೈಕೆಲ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಮೈಸೂರು ಸರ್ಕಾರಕ್ಕೆ 1873ರಲ್ಲಿ ಅರ್ಜಿ ಹಾಕಿ, 1875ರಲ್ಲಿ ಪರವಾನಗಿ ಪಡೆದ. ಅವನ ಕೈಯಲ್ಲಿ ಹೆಚ್ಚೇನೂ ಆಗಲಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಕಂಪನಿ ಬಂದ ಮೇಲೆ ಚಿನ್ನ ಸಿಕ್ಕಿತು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂದು ನಾಲ್ಕು ದೊಡ್ಡ ಗಣಿಗಳಾದವು. ಗಣಿಗೆ ಕರೆಂಟು ಬೇಕೆಂದು ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೇಲೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂದಾದವು, 2001ರ ಫೆಬ್ರವರಿ 28ರಂದು ಮುಚ್ಚಿದವು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತೆಂದು ಲೆಕ್ಕ.

ಇಷ್ಟು ಇತಿಹಾಸ ಶಾಲೆಯ ಪಠ್ಯದಲ್ಲೂ ಸಿಗುತ್ತದೆ. ಸಿಗದೇ ಇರುವುದು ಕಲ್ಲಿನ ವಿಷಯ. ಕೋಲಾರದಲ್ಲಿ ಚಿನ್ನ ಇದ್ದದ್ದು ಮಣ್ಣಿನಲ್ಲಲ್ಲ, ಕರಿಯ ಬಂಡೆಯ ನಡುವೆ ಪಟ್ಟಿಪಟ್ಟಿಯಾಗಿ ಇಳಿದ ಬೆಣಚುಕಲ್ಲಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಎರಡು ಬಿಳಿಕಲ್ಲು ಉಜ್ಜಿ ಕಿಡಿ ಹಾರಿಸುತ್ತಾರಲ್ಲ, ಅದೇ ಕಲ್ಲು. ಅದರ ಬಹುಪಾಲು ಸಿಲಿಕಾ. ಉಳಿಯಿಂದ ಹೊಡೆದರೆ ಚೂರಾಗಿ ಬೀಳುತ್ತದೆ. ಗಾಳಿಯ ಒತ್ತಡದಿಂದ ಓಡುವ ಡ್ರಿಲ್ಲಿನಿಂದ ಕೊರೆದರೆ ಹಿಟ್ಟಾಗಿ ಹಾರುತ್ತದೆ. ಹಿಟ್ಟೆಂದರೆ ರಾಗಿ ಹಿಟ್ಟಿನ ನುಣುಪಲ್ಲ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅಂಥ ನಾಲ್ಕೈದು ಭಾಗಕ್ಕಿಂತಲೂ ಸಣ್ಣ ಕಣ. ದೊಡ್ಡ ಧೂಳು ಮೂಗಿನಲ್ಲೋ ಗಂಟಲಲ್ಲೋ ಸಿಕ್ಕಿಕೊಳ್ಳುತ್ತದೆ, ಸೀನಿದರೆ, ಕೆಮ್ಮಿದರೆ ಆಚೆ ಬರುತ್ತದೆ. ಕಣ್ಣಿಗೆ ಕಾಣದ ಈ ಧೂಳು ಮಾತ್ರ ಪುಪ್ಪುಸದ ಕೊನೆಯ ಗಾಳಿಚೀಲದವರೆಗೆ ಇಳಿದು ಅಲ್ಲೇ ಕೂತುಬಿಡುತ್ತದೆ.

ಇಲ್ಲಿ ಒಂದು ತಮಾಷೆಯ ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಮಕ್ಕಳು ಸ್ಪೆಲ್ಲಿಂಗ್ ಬೀಗೆ ತಯಾರಾಗುವಾಗ 45 ಅಕ್ಷರದ ಒಂದು ಪದವನ್ನು ಹಟ ಹಿಡಿದು ಕಲಿಯುತ್ತಾರೆ: ನ್ಯುಮೋನೋ‌ಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವೋಲ್ಕೇನೋಕೋನಿಯೋಸಿಸ್. 1935ರಲ್ಲಿ ಒಗಟುಪ್ರಿಯರ ಸಂಘವೊಂದರ ಅಧ್ಯಕ್ಷರು ಅತಿ ಉದ್ದದ ಪದ ಬೇಕೆಂದೇ ಹೊಸೆದದ್ದು. ಯಾವ ಡಾಕ್ಟರೂ ಅದನ್ನು ಬಳಸುವುದಿಲ್ಲ. ಆದರೆ ಅದರ ಅರ್ಥ ಸಿಲಿಕೋಸಿಸ್ ಎಂದೇ. ಆ ವರ್ಷ ಅಮೆರಿಕದ ಪತ್ರಿಕೆಗಳಲ್ಲಿ ಸಿಲಿಕಾ ಸುದ್ದಿ ಯಾಕೆ ಇತ್ತೆಂಬುದು ಮಾತ್ರ ತಮಾಷೆಯಲ್ಲ. 1930–31ರಲ್ಲಿ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಎಂಬಲ್ಲಿ ಬೆಟ್ಟ ಕೊರೆದು ನೀರಿನ ಸುರಂಗ ಮಾಡಿದರು. ಬೆಟ್ಟದ ಕಲ್ಲು ಬಹುತೇಕ ಶುದ್ಧ ಸಿಲಿಕಾ. ಒಣ ಡ್ರಿಲ್ಲಿಂಗ್. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣದಿಂದ ಬಂದ ಕರಿಯ ಜನಾಂಗದವರು. ಕೆಲವರು ಒಂದೆರಡು ವರ್ಷದಲ್ಲೇ ಹೋದರು. ಸತ್ತವರು ಕನಿಷ್ಠ 476 ಎಂದು ಒಂದು ಲೆಕ್ಕ, 700ಕ್ಕೂ ಮೇಲೆ ಎಂದು ಇನ್ನೊಂದು. ಅಮೆರಿಕದ ಕಾಂಗ್ರೆಸ್ 1936ರಲ್ಲಿ ಇದರ ವಿಚಾರಣೆ ನಡೆಸಿತು.

ಹಾಗಾದರೆ ಧೂಳು ಕೊಲ್ಲುತ್ತದೆಂಬುದು 1930ರವರೆಗೆ ಯಾರಿಗೂ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತವರದ ಗಣಿಗಾರರು ಜಗತ್ತಿನ ಎಲ್ಲ ಗಣಿಗಳಿಗೂ ಮೇಸ್ತ್ರಿಗಳಾಗಿ ಹೋಗುತ್ತಿದ್ದರು, ದಕ್ಷಿಣ ಆಫ್ರಿಕಕ್ಕೆ ಹೋದ ಹಾಗೆ ಕೋಲಾರಕ್ಕೂ ಬಂದರು. ದಕ್ಷಿಣ ಆಫ್ರಿಕದಿಂದ ಊರಿಗೆ ಮರಳಿದವರು ಚಿಕ್ಕ ವಯಸ್ಸಿನಲ್ಲೇ ಸಾಯುತ್ತಿದ್ದುದನ್ನು ಕಂಡು ಸರ್ಕಾರ ಜೆ. ಎಸ್. ಹಾಲ್ಡೇನ್ ಎಂಬ ಶರೀರಶಾಸ್ತ್ರಜ್ಞರನ್ನು ನೇಮಿಸಿತು. (ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಅವರ ತಂದೆ ಇವರು.) 1904ರ ಅವರ ವರದಿಯಲ್ಲಿ ವಿಷಯ ಸ್ಪಷ್ಟವಾಗಿತ್ತು. ಸಾವು ಹೆಚ್ಚಾಗಿದ್ದದ್ದು ಯಂತ್ರದ ಡ್ರಿಲ್ ಹಿಡಿದವರಲ್ಲಿ, ಕಾರಣ ಕಲ್ಲಿನ ಧೂಳು, ಪರಿಹಾರ ನೀರು. ಕೊರೆಯುವ ಬಾಯಿಗೆ ನೀರು ಬಿಟ್ಟರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ, ಅಷ್ಟೆ. ಅಮೆರಿಕದ ಲೇನರ್ ಎಂಬಾತ ಟೊಳ್ಳು ಉಕ್ಕಿನೊಳಗೆ ನೀರು ಹಾಯಿಸುವ ಡ್ರಿಲ್ಲನ್ನು ಆಗಲೇ ಮಾಡಿಯೂ ಇದ್ದ. ದಕ್ಷಿಣ ಆಫ್ರಿಕ 1911ರಲ್ಲಿ ಪರಿಹಾರಧನದ ಕಾಯಿದೆ ತಂದಿತು. 1930ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸಿಲಿಕೋಸಿಸ್ ಬಗ್ಗೆಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಆದರೆ ಕೋಲಾರದಲ್ಲಿ ಅಷ್ಟು ವರ್ಷ ಏನಾಗುತ್ತಿತ್ತು? ನನ್ನ ಅಭಿಪ್ರಾಯದಲ್ಲಿ ಮೂರು ಕಾರಣಗಳಿಂದ ಅಲ್ಲಿನ ಧೂಳು ಮರೆಯಲ್ಲೇ ಉಳಿಯಿತು. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತನಾಡುವ ಬಡವರು, ಅವರಲ್ಲೂ ಬಹಳಷ್ಟು ದಲಿತರು. ಹಲವರು ಗುತ್ತಿಗೆಯ ಮೇಲೆ ಬಂದವರು. ಮೈಯಲ್ಲಿ ಕಸುವಿರುವ ತನಕ ಕೆಲಸ, ಆಮೇಲೆ ಊರಿಗೆ. ಊರಿಗೆ ಹೋದವನ ಕೆಮ್ಮು ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು, ಸಿಲಿಕೋಸಿಸ್ ಇದ್ದವರಿಗೆ ಕ್ಷಯರೋಗ ಬಲುಬೇಗ ಅಂಟುತ್ತದೆ. ಕ್ಷಯದಿಂದ ಸತ್ತರೆ ಯಾರ ಮೇಲೂ ತಪ್ಪಿಲ್ಲ, ಅದು ಬಡತನದ ರೋಗ, ಕೊಳಕಿನ ರೋಗ ಎಂದು ಬರೆದುಕೊಳ್ಳಬಹುದು. ಮೂರನೆಯದು ಎಂಜಿನಿಯರುಗಳ ನಿಜವಾದ ಕಷ್ಟ, ಅದನ್ನೂ ಹೇಳಬೇಕು. ಚಾಂಪಿಯನ್ ರೀಫ್ ಕೊನೆಗೆ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು, ಜಗತ್ತಿನ ಅತಿ ಆಳದ ಗಣಿಗಳಲ್ಲೊಂದು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ಕಡೆ ನೀರು ಬಿಟ್ಟರೆ ಗಾಳಿ ಒದ್ದೆಯಾಗುತ್ತದೆ, ಒದ್ದೆ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮನುಷ್ಯ ಕುಸಿದು ಬೀಳುತ್ತಾನೆ. ಧೂಳಿಗೆ ನೀರು ಬೇಕು, ಬಿಸಿಗೆ ಒಣ ಗಾಳಿ ಬೇಕು. ಎರಡನ್ನೂ ನಿಭಾಯಿಸಲು ದೊಡ್ಡ ಫ್ಯಾನು, ತಂಪಾಗಿಸುವ ಯಂತ್ರ, ದೊಡ್ಡ ಹಣ ಬೇಕಾಗುತ್ತದೆ.

1940ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ಹೊರಡಿಸಿತು. ನಮ್ಮ ಸಂಸ್ಥಾನದ ದೊಡ್ಡಸ್ತಿಕೆ ಹೇಳುವಾಗ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ಸ್ಯಾಂಡಲ್ ಸೋಪು ಎಂದು ಪಟ್ಟಿ ಕೊಡುತ್ತೇವೆ. ಈ ನಿಯಮಗಳೂ ಆ ಪಟ್ಟಿಗೆ ಸೇರಬೇಕು ಎಂಬುದು ನನ್ನ ಅನಿಸಿಕೆ. ಸ್ವತಂತ್ರ ಭಾರತದ ಗಣಿ ಕಾಯಿದೆ ಬಂದದ್ದು 1952ರಲ್ಲಿ, ಇದಾಗಿ ಹನ್ನೆರಡು ವರ್ಷದ ಮೇಲೆ.

ನಿಯಮ ಬಂದ ಮೇಲೆ ಎಕ್ಸ್-ರೇ ತಪಾಸಣೆ ಶುರುವಾಯಿತು. 1940ರಿಂದ 1946ರವರೆಗೆ 7,653 ಕೆಲಸಗಾರರನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು 44 ಜನರಲ್ಲಿ ಸಿಲಿಕೋಸಿಸ್ ಕಂಡಿತು. ಇನ್ನೊಮ್ಮೆ ಓದಿ: ನೂರಕ್ಕೆ ನಲವತ್ತನಾಲ್ಕು. ಉಸಿರು ಸಾಲದೆ ಮೊದಲೇ ಊರಿಗೆ ಹೊರಟುಹೋದವರು ಇದರಲ್ಲಿ ಬಂದಿರಲಿಕ್ಕಿಲ್ಲ. ಪರೀಕ್ಷೆಗಾಗಿ ನಾವು ಉರುಹೊಡೆದ 1947ರ ವರದಿ ಬಂದದ್ದು ಈ ಎಕ್ಸ್-ರೇಗಳಿಂದ. ಅದನ್ನು ಬರೆದವರಲ್ಲಿ ಆಂಟನಿ ಕ್ಯಾಪ್ಲನ್ ಎಂಬ ವೈದ್ಯರೊಬ್ಬರು. ಕೂಟದಲ್ಲಿರುವ ಡಾಕ್ಟರುಗಳಿಗೆ ಈ ಹೆಸರು ಕೇಳಿದ ಹಾಗೆ ಅನಿಸಿದರೆ ಆಶ್ಚರ್ಯವಿಲ್ಲ. ಮುಂದೆ ವೇಲ್ಸಿಗೆ ಹೋಗಿ, ಕಲ್ಲಿದ್ದಲು ಗಣಿಯವರಲ್ಲಿ ಕೀಲುವಾತದ ಜೊತೆ ಪುಪ್ಪುಸದಲ್ಲಿ ಗಂಟು ಬರುವುದನ್ನು 1953ರಲ್ಲಿ ಗುರುತಿಸಿ, ‘ಕ್ಯಾಪ್ಲನ್ ಸಿಂಡ್ರೋಮ್’ ಎಂದು ಪಠ್ಯಪುಸ್ತಕ ಸೇರಿದವರು ಇವರೇ. ಇಲ್ಲಿನ ಬೋರ್ಡ್ ಪರೀಕ್ಷೆಯಲ್ಲಿ ಆ ಹೆಸರಿಗೆ ಟಿಕ್ ಹಾಕಿದ ನಾವು ಅವರು ಕೋಲಾರದ ಎಕ್ಸ್-ರೇ ನೋಡಿದವರು ಎಂದು ಅರಿಯದೇ ಹಾಕಿದ್ದೆವು.

ಆ ಎಕ್ಸ್-ರೇಯಲ್ಲಿ ಕಾಣುವುದು ಸಾಸಿವೆ ಚೆಲ್ಲಿದ ಹಾಗೆ ಬಿಳಿಬಿಳಿ ಚುಕ್ಕೆಗಳು. ಅದು ಧೂಳಲ್ಲ. ಧೂಳಿನ ಸುತ್ತ ದೇಹವೇ ಕಟ್ಟಿಕೊಂಡ ಗಾಯದ ಕಲೆ. ಮೊಣಕಾಲು ತರಚಿದರೆ ಚರ್ಮದಲ್ಲಿ ಕಲೆ ಉಳಿಯುತ್ತದಲ್ಲ, ಅಂಥದ್ದೇ ನಾರಿನಂಥ ಗಟ್ಟಿ ಪದಾರ್ಥ. ಚರ್ಮದಲ್ಲಿದ್ದರೆ ನಷ್ಟವಿಲ್ಲ. ಉಬ್ಬಿ ಇಳಿಯಬೇಕಾದ ಪುಪ್ಪುಸ ನಾರುಗಟ್ಟಿದರೆ ಉಸಿರಾಟವೇ ಕಷ್ಟ. ವೈದ್ಯರನ್ನು ನೂರು ವರ್ಷ ಕಾಡಿದ ಪ್ರಶ್ನೆ ಇದು: ಗಣಿ ಬಿಟ್ಟು ಹತ್ತು ವರ್ಷವಾದರೂ, ಧೂಳು ಕುಡಿಯುವುದು ಪೂರ್ತಿ ನಿಂತರೂ, ಈ ಕಲೆ ಬೆಳೆಯುತ್ತಲೇ ಹೋಗುತ್ತದೆ. ಯಾಕೆ?

ಉತ್ತರದ ಮೊದಲ ಅರ್ಧ 2008ರ ಸುಮಾರಿಗೆ ಸಿಕ್ಕಿತು. ಗಾಳಿಚೀಲದಲ್ಲಿ ಕಸ ಗುಡಿಸುವ ಕೋಶಗಳಿವೆ. ಅವು ಸಿಲಿಕಾ ಕಣವನ್ನು ನುಂಗುತ್ತವೆ. ಕ್ರಿಮಿಯಾದರೆ ಅರಗಿಸಿಬಿಡುತ್ತಿದ್ದವು. ಇದು ಕಲ್ಲು, ಅರಗುವುದಿಲ್ಲ. ಕಣದ ಚೂಪು ಮೈ ಕೋಶದ ಒಳಚೀಲವನ್ನು ಹರಿಯುತ್ತದೆ. ಕೋಶದೊಳಗಿನ ಅಪಾಯದ ಗಂಟೆ ಬಡಿದು ಊತ ತರುವ ರಾಸಾಯನಿಕಗಳು ಹೊರಬೀಳುತ್ತವೆ, ಕೋಶ ಸಾಯುತ್ತದೆ. ಕಣ ಹಾಗೇ ಉಳಿಯುತ್ತದೆ. ಅದನ್ನು ಇನ್ನೊಂದು ಕೋಶ ನುಂಗುತ್ತದೆ. ಹೀಗೆ ಒಂದೇ ಕಣ ಎಷ್ಟು ಕೋಶವನ್ನಾದರೂ ಬಲಿ ತೆಗೆದುಕೊಳ್ಳಬಹುದು. ಮನುಷ್ಯ ಗಣಿ ಬಿಟ್ಟರೂ ಗಣಿ ಅವನನ್ನು ಬಿಡುವುದಿಲ್ಲ.

ಇನ್ನರ್ಧ ಉತ್ತರಕ್ಕೇ ಮೈಕ್ರೋ ಆರ್‌ಎನ್‌ಎ ಬೇಕಾಗುವುದು. ಸಂಪಾದಕರೇ, ತಡವಾದರೂ ನಿಮ್ಮ ವಿಷಯಕ್ಕೆ ಬಂದೆ.

ನಮ್ಮ ಊರಿನ ಮದುವೆಮನೆ ನೆನಪಿಸಿಕೊಳ್ಳಿ. ಒಳಗೆ ಉಗ್ರಾಣ, ಹಿಂದೆ ಅಡಿಗೆ ಒಲೆ. ಅಡಿಗೆ ಭಟ್ಟರಿಗೆ ಯಾವ ಐಟಂ ಎಷ್ಟು ಮಾಡಬೇಕೆಂದು ಒಳಗಿಂದ ಚೀಟಿ ಬರುತ್ತದೆ. ಜೀವಕೋಶದಲ್ಲಿ ಡಿಎನ್‌ಎ ಎಂಬುದು ಉಗ್ರಾಣದಲ್ಲಿ ಭದ್ರವಾಗಿಟ್ಟ ಪೂರ್ತಿ ಪಟ್ಟಿ. ಅದರಿಂದ ಬೇಕಾದಷ್ಟನ್ನು ನಕಲು ಮಾಡಿದ ಚೀಟಿಯೇ ಮೆಸೆಂಜರ್ ಆರ್‌ಎನ್‌ಎ. ಒಲೆಯ ಮೇಲೆ ಬೇಯುವುದು ಪ್ರೋಟೀನು. ನಾವು ಓದುವಾಗ ಇಷ್ಟೇ ಕಲಿಸಿದ್ದರು. ಚೀಟಿ ಉಗ್ರಾಣದಿಂದ ಒಲೆಗೆ ಹೋಗುವ ದಾರಿಯಲ್ಲಿ ನಡುಮನೆಯ ಅಜ್ಜಿಯೊಬ್ಬರು ಕೂತಿರುತ್ತಾರೆ, ‘ಹೋಳಿಗೆ ಇನ್ನು ಸಾಕು’ ಎಂದು ಕೆಲವು ಚೀಟಿಗಳನ್ನು ಹಿಡಿದು ಹರಿದುಹಾಕುತ್ತಾರೆ ಎಂಬುದು ಆಗ ತಿಳಿದಿರಲಿಲ್ಲ. ಆ ಅಜ್ಜಿಯೇ ಮೈಕ್ರೋ ಆರ್‌ಎನ್‌ಎ. ಉದ್ದ ಸುಮಾರು 22 ಅಕ್ಷರ ಮಾತ್ರ. ತಾನು ಯಾವ ಪ್ರೋಟೀನನ್ನೂ ಮಾಡುವುದಿಲ್ಲ. ತನ್ನ ಅಕ್ಷರಗಳಿಗೆ ಹೊಂದುವ ಚೀಟಿ ಬಂದರೆ ಅಂಟಿಕೊಂಡು ಅದನ್ನು ತಡೆಯುತ್ತದೆ.

ಇದನ್ನು ಕಂಡವರು ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್. ಒಂದು ಮಿಲಿಮೀಟರ್ ಉದ್ದದ ಸಣ್ಣ ಹುಳುವಿನಲ್ಲಿ ಲಿನ್-4 ಎಂಬ ಜೀನನ್ನು ಹಿಂಬಾಲಿಸಿ ಹೋದರು. ಇಬ್ಬರ ಲ್ಯಾಬ್ ಬೇರೆ ಬೇರೆ. 1992ರಲ್ಲಿ ಇಬ್ಬರೂ ತಮ್ಮ ತಮ್ಮ ಅಕ್ಷರಗಳನ್ನು ಒಬ್ಬರಿಗೊಬ್ಬರು ತಿಳಿಸಿದಾಗ, ಇವರ ಚಿಕ್ಕ ಆರ್‌ಎನ್‌ಎ ಅವರ ಉದ್ದ ಚೀಟಿಯ ಬಾಲಕ್ಕೆ ಹೊಂದುತ್ತದೆಂದು ಕಂಡಿತು. 1993ರಲ್ಲಿ ಎರಡು ಲೇಖನಗಳು ಒಟ್ಟಿಗೆ ಅಚ್ಚಾದವು. ಆಂಬ್ರೋಸ್ ಲ್ಯಾಬಿನ ಲೇಖನದ ಮೊದಲ ಹೆಸರು ರೋಸಲಿಂಡ್ ಲೀ, ಅವರ ಪತ್ನಿ. ಬಹುಮಾನ ಬಂದಾಗ ಪಾಲು ಬರಲಿಲ್ಲ. ನಮ್ಮ ಕೂಟದ ಹೆಂಗಸರು ಈ ಬಗ್ಗೆ ಏನು ಹೇಳುತ್ತಾರೆಂದು ಊಹಿಸಬಲ್ಲೆ! ಹುಳುವಿನ ವಿಷಯವೆಂದು ಏಳು ವರ್ಷ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಸಿಕ್ಕಿತು. ಅದು ಹುಳು, ಮೀನು, ಮನುಷ್ಯ ಎಲ್ಲರಲ್ಲೂ ಒಂದೇ ರೀತಿ ಇದ್ದುದರಿಂದ ಎಲ್ಲರೂ ಎದ್ದು ಕೂತರು. ಮನುಷ್ಯರಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ ಎಂದು ಈಗ ತಿಳಿದಿದೆ.

ಇನ್ನು ಪುಪ್ಪುಸದ ಮಾತು. ಊತ ಬಂದ ಕಡೆ ಟಿ.ಜಿ.ಎಫ್. ಬೀಟಾ ಎಂಬ ರಾಸಾಯನಿಕ ‘ಗಾಯವಾಗಿದೆ, ಕಲೆ ಕಟ್ಟಿ’ ಎಂದು ಕರೆ ಕೊಡುತ್ತದೆ. ನಾರು ನೇಯುವ ಕೋಶಗಳು ಅದನ್ನು ಕೇಳಿ ಕೆಲಸ ಶುರುಮಾಡುತ್ತವೆ. ಸಾಮಾನ್ಯ ಗಾಯದಲ್ಲಿ ಕೆಲಸ ಮುಗಿದ ಮೇಲೆ ‘ಸಾಕು’ ಎನ್ನುವ ಬ್ರೇಕ್ ಪ್ರೋಟೀನೊಂದಿದೆ. ಮಿರ್-21 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಾದರೆ ಆ ಬ್ರೇಕಿನ ಚೀಟಿಯನ್ನೇ ತಡೆದುಬಿಡುತ್ತದೆ. ಟಿ.ಜಿ.ಎಫ್. ಬೀಟಾ ಮಿರ್-21ನ್ನು ಹೆಚ್ಚಿಸುತ್ತದೆ, ಮಿರ್-21 ಬ್ರೇಕನ್ನು ಕೀಳುತ್ತದೆ, ಬ್ರೇಕಿಲ್ಲದ್ದರಿಂದ ಟಿ.ಜಿ.ಎಫ್. ಬೀಟಾದ ಮಾತು ಇನ್ನೂ ಜೋರಾಗುತ್ತದೆ. 2010ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಮಿರ್-21ನ್ನು ಅಡಗಿಸಿದ ಇಲಿಗಳಲ್ಲಿ ಕಲೆ ಕಡಿಮೆಯಾಯಿತು. ಇದಕ್ಕೆ ತದ್ವಿರುದ್ಧ ಮಿರ್-29. ಅದು ಕಲೆಯ ನಾರಾದ ಕೊಲಾಜೆನ್‌ನ ಚೀಟಿಗಳನ್ನು ಹಿಡಿದಿಡುವ ಒಳ್ಳೆಯ ಅಜ್ಜಿ. ನಾರುಗಟ್ಟಿದ ಪುಪ್ಪುಸದಲ್ಲಿ ಅದು ಕಡಿಮೆಯಾಗಿರುತ್ತದೆ. ಕಾರಣ ತಿಳಿಯದ ಪುಪ್ಪುಸದ ನಾರುಗಟ್ಟುವಿಕೆಯಲ್ಲಿ ಲೆಟ್-7 ಕುಟುಂಬದ ಒಂದು ಸದಸ್ಯ ಕುಗ್ಗುವುದನ್ನೂ 2010ರಲ್ಲೇ ಕಂಡರು. ಹುಳುವಿನಲ್ಲಿ ಬೆಳವಣಿಗೆಯ ಹೊತ್ತು ತಿಳಿಸುವ ಲೆಟ್-7ರ ಬಂಧು ಮನುಷ್ಯನ ಪುಪ್ಪುಸದಲ್ಲಿ ಕಲೆಯನ್ನು ಹದದಲ್ಲಿಡುತ್ತದೆ ಎಂದರೆ ನನಗಂತೂ ಈಗಲೂ ರೋಮಾಂಚನವಾಗುತ್ತದೆ.

ಕಣ ಅಲ್ಲೇ ಇದ್ದು ಗಂಟೆ ಬಡಿಯುತ್ತಲೇ ಇರುವುದು ಒಂದು ಕಡೆ, ಬ್ರೇಕು ಕಿತ್ತು ಹೋದದ್ದು ಇನ್ನೊಂದು ಕಡೆ. ಗಣಿ ಬಿಟ್ಟವನ ಕಲೆ ಯಾಕೆ ಬೆಳೆಯುತ್ತದೆ ಎಂಬುದಕ್ಕೆ ಇವೆರಡೂ ಸೇರಿ ಉತ್ತರ. ಪೂರ್ತಿ ಉತ್ತರ ಎಂದು ನಾನು ಹೇಳುವುದಿಲ್ಲ. ಬೀಡಿ ಸಿಗರೇಟಿನ ಹೊಗೆಯಿಂದ, ಸೌದೆ ಒಲೆಯ ಹೊಗೆಯಿಂದ ಬರುವ ಸಿ.ಒ.ಪಿ.ಡಿ. ಕಾಯಿಲೆಯಲ್ಲೂ, ಆಸ್ತಮಾದಲ್ಲೂ ಮೈಕ್ರೋ ಆರ್‌ಎನ್‌ಎಗಳ ಏರುಪೇರು ಕಂಡಿದೆ. ಅದರ ಕಥೆ ಇಷ್ಟು ಸ್ಪಷ್ಟವಿಲ್ಲ, ಇಲ್ಲಿ ಬೆಳೆಸುವುದಿಲ್ಲ.

ಇದರಿಂದ ಔಷಧಿ ಬಂತೇ? ಬಂದಿಲ್ಲ. ಮೈಕ್ರೋ ಆರ್‌ಎನ್‌ಎಯನ್ನು ತಡೆಯುವ ಅಥವಾ ತುಂಬುವ ಮದ್ದುಗಳನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದುಂಟು. ಹೆಪಟೈಟಿಸ್ ಸಿ ರೋಗಿಗಳಲ್ಲಿ ಮಿರ್-122ನ್ನು ತಡೆದಾಗ ವೈರಸ್ ಇಳಿದದ್ದು 2013ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2016ರಲ್ಲಿ ಕ್ಯಾನ್ಸರಿಗೆಂದು ಮಿರ್-34 ಕೊಡುತ್ತಿದ್ದ ಪರೀಕ್ಷೆಯನ್ನು ರೋಗಿಗಳಿಗೆ ತೀವ್ರ ಪ್ರತಿಕ್ರಿಯೆ ಆದದ್ದರಿಂದ ನಿಲ್ಲಿಸಬೇಕಾಯಿತು. ಒಬ್ಬ ಅಜ್ಜಿ ನೂರು ಚೀಟಿ ನೋಡುತ್ತಾರೆ. ಆಕೆಯನ್ನು ಎಬ್ಬಿಸಿ ಕಳಿಸಿದರೆ ಹೋಳಿಗೆಯ ಜೊತೆ ಇನ್ನೇನೇನು ಹೆಚ್ಚಾಗುತ್ತದೋ ಹೇಳುವುದು ಕಷ್ಟ. ನಾರುಗಟ್ಟುವುದನ್ನು ನಿಧಾನಗೊಳಿಸುವ ನಿಂಟೆಡಾನಿಬ್‌ನಂಥ ಬೇರೆ ಜಾತಿಯ ಮಾತ್ರೆಗಳಿವೆ. ಕಟ್ಟಿದ ಕಲೆಯನ್ನು ಕರಗಿಸುವ ಮದ್ದು ಯಾವುದೂ ಇಲ್ಲ. ಕೊನೆಯ ದಾರಿ ಪುಪ್ಪುಸ ಬದಲಾಯಿಸುವುದು.

ಹತ್ತಿರದ ಉಪಯೋಗ ಬಹುಶಃ ರೋಗಪತ್ತೆಯಲ್ಲಿ. ಮೈಕ್ರೋ ಆರ್‌ಎನ್‌ಎ ರಕ್ತದಲ್ಲಿ ಬೇಗ ಕೆಡದೆ ಉಳಿಯುತ್ತದೆ ಎಂಬುದು 2008ರಲ್ಲೇ ತಿಳಿಯಿತು. ಎಕ್ಸ್-ರೇಯಲ್ಲಿ ಚುಕ್ಕೆ ಕಾಣುವ ಹೊತ್ತಿಗೆ ಕಲೆ ಕಟ್ಟಿಯಾಗಿರುತ್ತದೆ, ಅದಕ್ಕಿಂತ ಮೊದಲೇ ಒಂದು ಹನಿ ರಕ್ತದಲ್ಲಿ ಸುಳಿವು ಸಿಕ್ಕರೆ ಆ ಕೆಲಸಗಾರನನ್ನು ಧೂಳಿನಿಂದ ಆಚೆ ತರಬಹುದು. ಈ ಆಸೆಯಿಂದ ಹಲವು ಕಡೆ, ಮುಖ್ಯವಾಗಿ ಚೀನಾದಲ್ಲಿ, ಸಿಲಿಕೋಸಿಸ್ ರೋಗಿಗಳ ರಕ್ತ ಪರೀಕ್ಷಿಸುತ್ತಿದ್ದಾರೆ. ಒಂದು ಲ್ಯಾಬಿನ ಪಟ್ಟಿ ಇನ್ನೊಂದಕ್ಕೆ ಹೊಂದುತ್ತಿಲ್ಲ, ಇನ್ನೂ ಸಮಯ ಬೇಕು. ನನಗೆ ಇನ್ನೊಂದು ಅಳುಕೂ ಇದೆ. ಅಂಥ ಪರೀಕ್ಷೆ ಬಂದರೆ ಅದರ ರಿಪೋರ್ಟು ಮೊದಲು ಯಾರ ಕೈಗೆ ಹೋಗುತ್ತದೆ? ಕೆಲಸಗಾರನ ಕೈಗೆ ಹೋದರೆ ಅವನು ಬದುಕುತ್ತಾನೆ. ಮಾಲೀಕನ ಕೈಗೆ ಹೋದರೆ ಯಂತ್ರಕ್ಕೆ ನೀರು ಜೋಡಿಸುವ ಬದಲು ಮನುಷ್ಯನನ್ನು ಬದಲಾಯಿಸುವುದು ಅಗ್ಗವೆಂದು ಕಾಣಬಹುದು. 1940ರ ಮೈಸೂರಿನ ನಿಯಮಗಳು ಎಕ್ಸ್-ರೇ ಯಂತ್ರದಷ್ಟೇ ಮುಖ್ಯವಾದದ್ದು ಈ ಕಾರಣಕ್ಕೆ.

ಕೋಲಾರ ಮುಚ್ಚಿತು, ಇನ್ನು ಈ ಕಥೆ ಯಾಕೆ ಎಂದು ನೀವು ಕೇಳಬಹುದು. ದಯವಿಟ್ಟು ಎದ್ದು ನಿಮ್ಮ ಅಡಿಗೆಮನೆಗೆ ಹೋಗಿ ಕೌಂಟರಿನ ಮೇಲೆ ಕೈ ಇಡಿ. ನಮ್ಮ ರಾಬಿನ್ಸ್‌ವಿಲ್ಲಿನ ಹೊಸ ಮನೆಗಳಲ್ಲಿ ಅದು ಗ್ರಾನೈಟ್ ಇರಬಹುದು, ಅದೃಷ್ಟವಿದ್ದರೆ ನಮ್ಮ ಇಳಕಲ್ಲು ಕಡೆಯದೇ ಇರಬಹುದು. ಈಗಿನ ಫ್ಯಾಶನ್ ಮಾತ್ರ ಕ್ವಾರ್ಟ್ಸ್. ಕ್ವಾರ್ಟ್ಸ್ ಎಂದರೆ ಬೆಣಚುಕಲ್ಲೇ, ಕುಟ್ಟಿ ಪುಡಿಮಾಡಿ ಅಂಟು ಹಾಕಿ ಒತ್ತಿದ್ದು. ಗ್ರಾನೈಟಿನಲ್ಲಿ ಸಿಲಿಕಾ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ, ಇದರಲ್ಲಿ ನೂರಕ್ಕೆ 90ರವರೆಗೂ, ಅದಕ್ಕೂ ಮೇಲೂ ಇರುತ್ತದೆ. ಮನೆಯಲ್ಲಿ ಅದು ನಿಮಗೇನೂ ಮಾಡುವುದಿಲ್ಲ, ಗಾಬರಿ ಬೇಡ, ಚಪಾತಿ ಲಟ್ಟಿಸಿ. ಅಪಾಯ ಅದನ್ನು ಸಿಂಕಿನ ಅಳತೆಗೆ ಕತ್ತರಿಸಿ ಅಂಚು ಉಜ್ಜುವ ಹುಡುಗನಿಗೆ. ಇಸ್ರೇಲಿನಲ್ಲಿ ಇಂಥ 25 ಕೆಲಸಗಾರರು ಪುಪ್ಪುಸ ಬದಲಾವಣೆಯ ಕೇಂದ್ರಕ್ಕೆ ಬಂದದ್ದು 2012ರಲ್ಲಿ ವರದಿಯಾಯಿತು. 2023ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯರು 52 ಜನರ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಎಲ್ಲರೂ ಲ್ಯಾಟಿನ್ ಅಮೆರಿಕದಿಂದ ವಲಸೆ ಬಂದವರು, ನಡುವಯಸ್ಸು 45, ಹತ್ತು ಮಂದಿ ಆಗಲೇ ತೀರಿಕೊಂಡಿದ್ದರು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು. ಉತ್ತರ ಆರ್ಕಾಟಿನ ಕೂಲಿಯ ಜಾಗದಲ್ಲಿ ಈಗ ಮೆಕ್ಸಿಕೋದ ಹುಡುಗ. ಕಲ್ಲು ಅದೇ.

ನಮ್ಮ ನ್ಯೂಜೆರ್ಸಿಯ ಬಗ್ಗೆ ಒಂದು ಒಳ್ಳೆಯ ಮಾತು. ಕಟ್ಟಡದ ಕಲ್ಲು, ಇಟ್ಟಿಗೆ, ಕಾಂಕ್ರೀಟನ್ನು ಒಣಗಿದ್ದಂತೆಯೇ ಕತ್ತರಿಸುವುದನ್ನು ಕಾನೂನಿನಿಂದಲೇ ತಡೆದ ರಾಜ್ಯ ಇದು, 2004ರಲ್ಲಿ. ಕೇಂದ್ರದ ಕಠಿಣ ನಿಯಮ ಬಂದದ್ದು 2016ರಲ್ಲಿ: ಒಂದು ಘನ ಮೀಟರ್ ಗಾಳಿಯಲ್ಲಿ ಸಿಲಿಕಾ ಧೂಳು ಸರಾಸರಿ 50 ಮೈಕ್ರೋಗ್ರಾಂ ಮೀರಬಾರದು. ನಿಮ್ಮ ಡ್ರೈವ್‌ವೇಗೋ ಹಿತ್ತಲಿನ ಪೇಟಿಯೋಗೋ ಕಲ್ಲು ಕತ್ತರಿಸಲು ಬಂದವರು ಬಿಳಿ ಮೋಡ ಎಬ್ಬಿಸುತ್ತಿದ್ದರೆ ನಿಮ್ಮ ತೋಟದ ಪೈಪು ತಂದು ಕೊಡಿ. ಕಂಟ್ರಾಕ್ಟರಿಗೆ ಬೇಸರವಾದರೆ ಆಗಲಿ. ಕೌಂಟರ್ ಆರ್ಡರ್ ಮಾಡುವಾಗ ಅಂಗಡಿಯವರನ್ನು ‘ನೀರಿನಲ್ಲಿ ಕತ್ತರಿಸುತ್ತೀರಾ, ಒಣದಾ?’ ಎಂದು ಕೇಳಿ. ಬೆಲೆಗೆ ಅಷ್ಟು ಚೌಕಾಸಿ ಮಾಡುವ ನಮಗೆ ಇದೊಂದು ಪ್ರಶ್ನೆ ಭಾರವಾಗಲಿಕ್ಕಿಲ್ಲ.

ಕೊನೆಯದಾಗಿ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ಕುಟುಂಬಗಳಿಗೆ ಒಂದು ಮಾತು. ನಿಮ್ಮ ತಂದೆಯೋ ಮಾವನೋ ದೊಡ್ಡಪ್ಪನೋ ಗಣಿಯಲ್ಲಿ ದುಡಿದವರಾಗಿದ್ದು, ಬೇಸಿಗೆಗೆ ಇಲ್ಲಿಗೆ ಬಂದಾಗ ಕೆಮ್ಮು, ಏದುಸಿರು ಎಂದರೆ, ಇಲ್ಲಿನ ಡಾಕ್ಟರು ಫಾರಂ ನೋಡಿ ಸಿಗರೇಟು ಸೇದುತ್ತಾರಾ ಎಂದು ಕೇಳುತ್ತಾರೆ. ಗಣಿಯ ವಿಷಯ ಕೇಳುವವರು ಕಡಿಮೆ. ನೀವೇ ಹೇಳಬೇಕು. ಯಾವ ಗಣಿ, ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಕೆಳಗೆ ಡ್ರಿಲ್ಲಿಂಗೋ ಮೇಲೆ ಕಲ್ಲು ಕುಟ್ಟುವ ಮಿಲ್ಲೋ, ಹಳೆಯ ಎಕ್ಸ್-ರೇ ಇದ್ದರೆ ಅದೂ. ಹಿಂದೆ ಕ್ಷಯಕ್ಕೆ ಮದ್ದು ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಸಿಲಿಕಾ ಹೊಕ್ಕ ಪುಪ್ಪುಸದಲ್ಲಿ ಕ್ಷಯ ಮತ್ತೆ ತಲೆಯೆತ್ತಬಹುದು, ಅದಕ್ಕೆ ಈಗ ಒಳ್ಳೆಯ ರಕ್ತಪರೀಕ್ಷೆಯೂ ಮಾತ್ರೆಯೂ ಇವೆ. ಇಸವಿಗಳು ಹಿರಿಯರಿಗೆ ಮರೆತಿದ್ದರೆ ಪಿ.ಎಫ್. ಕಾಗದದಲ್ಲಿ ಇರುತ್ತವೆ. ಟ್ರಂಕಿನ ತಳದಲ್ಲಿ ಹುಡುಕಿ.